ಮೆರುಗೆಣ್ಣೆಯಲ್ಲಿ ಬಿದ್ದ ಮುಖ

ಕಿಟಕಿಯಾಚೆ ಹತ್ತಿಹೊಲ, ಕಲ್ಲೂರು ಬಂತೇನೋ, ಹೌದು, ಕಂಡಕ್ಟರ್ ಕೂಗುತ್ತಿದ್ದಾನೆ, ಕಲ್ಲೂರು ಯಾರ್ರೀ, ಲಗೂ ಇಳೀರಿ, ಅಂದರೆ ಮಾನ್ವಿಗೆ ಇನ್ನರ್ಧ ಗಂಟೆ, ತಮ್ಮನ ಹೊಸ ಬಾಡಿಗೆ ಮನೆ ಮುಟ್ಟಿದ ಕೂಡಲೇ ತಾನು ತೆಗೆದ ಸಾಕ್ಷ್ಯಚಿತ್ರವನ್ನು ಚಿತ್ರೋತ್ಸವಕ್ಕೆ ಕಳಿಸಬೇಕು, ಸಂಜೆ ನಾಲ್ಕು ಗಂಟೆಯೇ ಗಡುವು, ಸಂಘಮಿತ್ರಾಳ ತೊಡೆಯ ಮೇಲೆ ಲ್ಯಾಪ್‌ಟಾಪು ಕಾದ ಹಂಚು — ಪರದೆಯಲ್ಲಿ ಜಪಾನಿನ ನಿಶಿದಾ ಅಜ್ಜ ದೊಡ್ಡ ಡೋಲಿಗೆ ಚರ್ಮ ಬಿಗಿದು ಮೊಳೆ ಹೊಡೆಯುತ್ತಿದ್ದಾನೆ, ಟಕ್, ಟಕ್, ಕೈ ಮಾತ್ರ ತೋರಿಸು, ಮುಖ ಬೇಡ ಎಂದು ಮೊದಲ ದಿನವೇ ಹೇಳಿದ್ದ, ಆಗಲಿ ಎಂದು ಮಾತು ಕೊಟ್ಟಿದ್ದಳು, ಆದರೆ ಈ ಒಂದು ಶಾಟಿನಲ್ಲಿ, ಬರೀ ಹನ್ನೊಂದು ಸೆಕೆಂಡು, ಡೋಲಿನ ಕಪ್ಪು ಮೆರುಗೆಣ್ಣೆಯಲ್ಲಿ, ಕನ್ನಡಿಯಲ್ಲಿದ್ದಂತೆ, ಅವನ ಮುಖ ಬಿದ್ದುಬಿಟ್ಟಿದೆ, ಅಲ್ಲಿ ಶೂಟಿಂಗಿನಲ್ಲಿ ಕಾಣದ್ದು ರಾಯಚೂರಿನ ಬಾಡಿಗೆ ಕೋಣೆಯಲ್ಲಿ ಎಡಿಟ್ ಮಾಡುವಾಗ ಕಂಡಿತು, ಕಂಡಾಗ ಹೆದರಿಕೆಯಾಗಬೇಕಿತ್ತು, ಖುಷಿಯಾಯಿತು, ಇಡೀ ಚಿತ್ರಕ್ಕೆ ಇದೇ ಜೀವ ಎನಿಸಿತು.

ಅಜ್ಜನ ಮೊಮ್ಮಗಳಿಗೆ ಗಂಡು ಗೊತ್ತಾಗಿದೆ, ಇವರು ತಲೆತಲಾಂತರದಿಂದ ಚರ್ಮದ ಕೆಲಸದವರು ಎಂದು ಬೀಗರಿಗೆ ಗೊತ್ತಿಲ್ಲ, ಗೊತ್ತಾದರೆ ಮದುವೆ ಮುರಿದ ಹಾಗೇ ಎಂದು ದುಭಾಷಿ ಪಿಸುಗುಟ್ಟಿದಾಗ ದೇವದುರ್ಗದ ತನ್ನ ಕೇರಿಯೇ ಕಣ್ಣ ಮುಂದೆ ಬಂದಿತ್ತು, ಬುಲೆಟ್ ರೈಲಿನ ನಾಡಿನಲ್ಲೂ ಇದೇ ಗೋಳೇ — ತನ್ನ ಹಿಂದಿನ ಚಿತ್ರದ ಟೋಕಿಯೋ ಹುಡುಗಿಯರು ಕಾರ್ಟೂನು ವೇಷ ತೊಟ್ಟು ಕ್ಯಾಮೆರಾ ಕಂಡಲ್ಲೆಲ್ಲ ಮುಖ ಚಾಚುತ್ತಿದ್ದರು, ಈ ಅಜ್ಜ ಚಾಚಿದ್ದು ಕೈ, ಚರ್ಮ ನೆನೆಸುವ ಸುಣ್ಣದ ನೀರಿಗೆ ಬಿರಿದ ಉಗುರು, ಥೇಟ್ ಅಪ್ಪ ಮೌನಪ್ಪನ ಕೈ, ಆ ಅಪ್ಪ ಹಲಗೆ ಕಾಯಿಸಿ ಬಾರಿಸುವುದನ್ನೇ ಮೊದಲ ಚಿತ್ರ ಮಾಡಿ ಊರ ಮೊಬೈಲಿಗೆಲ್ಲ ಹಂಚಿದ್ದಳಲ್ಲ, ಮಾನ್ವಿಯಲ್ಲಿ ಶಾಲೆ ಮಾಸ್ತರನಾದ ತಮ್ಮ ಕೃಷ್ಣನ ಬಾಡಿಗೆ ಮನೆಯ ಮಾಲೀಕ ನೋಡಿದ್ದೇ ತಡ, ಜಾತಿ ತಿಳಿದು, ಮಾಸ್ತರ್ರ, ನಮ್ಮ ಮಗಳು ಬರಾಕತ್ತಾಳ, ಮನಿ ಖಾಲಿ ಮಾಡ್ರಿ, ಎಂಟೇ ದಿನ, ಪಾತ್ರೆಪಗಡ ಬೀದಿಯಲ್ಲಿ, ನಿನಗ ಪ್ರಶಸ್ತಿ ಬಂತು ಅಕ್ಕಾ, ನನಗ ಮನಿ ಹೋತು, ಕೃಷ್ಣ ಅಂದದ್ದು ಇನ್ನೂ ಎದೆಯಲ್ಲಿ ಚುಚ್ಚುತ್ತದೆ, ಅವಳೂ ಸುಮ್ಮನಿರಲಿಲ್ಲ, ಇನ್ನೆಷ್ಟು ದಿನ ಮುಚ್ಚಿಟ್ಕೊಂಡು ಬಾಳ್ತೀರಿ ಎಂದು ಹಾರಾಡಿದ್ದಳು, ಮಹಾ ಧೀರೆ, ಆಮೇಲೆ ರಾಯಚೂರಿನಲ್ಲಿ ಕೋಣೆ ಹುಡುಕುವಾಗ ನೀವು ಯಾವ ಮಂದಿರೀ ಎಂದು ಜಾತಿ ಕೇಳಿದ್ದಕ್ಕೆ ಸಿನಿಮಾ ಮಂದಿರೀ ಎಂದು ಹಲ್ಲು ಕಿರಿದವಳೂ ಇವಳೇ. ಅಪ್ಪ ಮಾತ್ರ ಜಗಳವಾಡಲಿಲ್ಲ, ನನಗೇನು ನಾಚಿಕಿ ಇಲ್ಲ ಯವ್ವಾ, ಆದ್ರ ನನ್ನ ಒಂದು ಮಾತು ಕೇಳಬೇಕಿತ್ತು ಎಂದಿದ್ದ.

ಕೇಳಬಹುದು, ಈಗಲೂ ಕೇಳಬಹುದು, ದುಭಾಷಿಯ ನಂಬರು ಫೋನಿನಲ್ಲಿದೆ, ಒಂದು ಮೆಸೇಜು, ಅಜ್ಜನ ಮುಖ ಇಡಲೇ ತೆಗೆಯಲೇ, ಅಷ್ಟೇ, ಮೂರು ವಾರದಿಂದ ಪುರುಸೊತ್ತಿಲ್ಲ ಪುರುಸೊತ್ತಿಲ್ಲ ಎಂದು ತನಗೆ ತಾನೇ ಸುಳ್ಳು, ಕೇಳಿದರೆ ಬೇಡ ಎನ್ನುತ್ತಾನೆ, ಅದಕ್ಕೇ ಕೇಳಿಲ್ಲ, ಅಪ್ಪನನ್ನೂ ಅದಕ್ಕೇ ಕೇಳಿರಲಿಲ್ಲ — ಅಯ್ಯೋ, ಅದಕ್ಕೇ — ಬಸ್ಸು ರಸ್ತೆಯ ಹಂಪು ಹಾರಿತು, ಬೆರಳು ತಾಗಿ ಶಾಟು ಮತ್ತೆ ಶುರುವಾಯಿತು, ಟಕ್, ಟಕ್, ಆರನೇ ಸೆಕೆಂಡಿಗೆ ಸುತ್ತಿಗೆ ನಿಲ್ಲುತ್ತದೆ, ಇಷ್ಟು ದಿನ ಕಂಡಿರಲಿಲ್ಲವಲ್ಲ ಇದು, ಕಪ್ಪಿನೊಳಗೆ ಅಜ್ಜ ಕಣ್ಣೆತ್ತುತ್ತಾನೆ, ತನ್ನ ಮುಖವನ್ನೂ ಅದರ ಹಿಂದಿನ ಕ್ಯಾಮೆರಾವನ್ನೂ ನೋಡುತ್ತಾನೆ, ಗೊತ್ತಿತ್ತೇ, ಗೊತ್ತಿದ್ದೂ ಏಳಲಿಲ್ಲವೇ, ಮಾತು ಕೊಟ್ಟಿದ್ದಾಳೆ, ತೆಗೆದುಹಾಕುತ್ತಾಳೆ ಬಿಡು ಎಂದು ನಂಬಿ ಮತ್ತೆ ಮೊಳೆ ಎತ್ತಿಕೊಂಡನೇ, ಆ ಕಣ್ಣು, ಕಪ್ಪು ಮೆರುಗೆಣ್ಣೆಯಲ್ಲಿ, ನಂಬಿದ ಆ ಕಣ್ಣು —