ಹುಳಿ ಹೋದ ಮೋಡ

ನನ್ನ ಕೈ ಕೊಳಕು ಎಂಬ ಕಾಗದ ಬಂದದ್ದು ಒಂದು ಸೋಮವಾರ. ಕಾಗದದಲ್ಲಿ ಅಷ್ಟು ನೇರವಾಗಿ ಇರಲಿಲ್ಲ. ‘ಮಾದರಿ ಸಂಗ್ರಹದಲ್ಲಿ ಶುಚಿತ್ವದ ಕೊರತೆ’ ಎಂದಿತ್ತು. ಓದಿ ಹೇಳಿದವಳು ನನ್ನ ಹೆಂಡತಿ, ಅರ್ಥ ಬಿಡಿಸಿದವಳೂ ಅವಳೇ. ತಿಂಗಳ ಕೊನೆಗೆ ನಾನು ಬೆಟ್ಟ ಬಿಟ್ಟು ಕೆಳಗಿನ ಕಚೇರಿಯ ಸ್ಟೋರ್ ರೂಮಿನಲ್ಲಿ ಕೂರಬೇಕಂತೆ. ಅಲ್ಲಿ ಕಿಟಕಿ ಇಲ್ಲ.

ಮೂವತ್ತೊಂದು ವರ್ಷದಿಂದ ನನ್ನದು ಒಂದೇ ಕೆಲಸ. ಬೆಟ್ಟದ ತುದಿಯಲ್ಲಿ ಒಂದು ಚೌಕಟ್ಟು ಇದೆ, ಅದಕ್ಕೆ ನೂರಾರು ದಾರ ಬಿಗಿದಿದ್ದಾರೆ. ಮೋಡ ಬಂದು ದಾರಕ್ಕೆ ತಾಗಿದರೆ ಹನಿ ಕಟ್ಟಿ, ಇಳಿದು, ಸೀಸೆಗೆ ಬೀಳುತ್ತದೆ. ಸೀಸೆಯನ್ನು ಲ್ಯಾಬಿಗೆ ಕಳಿಸುವುದು, ದಾರ ತೊಳೆಯುವುದು, ಮತ್ತೆ ಮೋಡಕ್ಕೆ ಕಾಯುವುದು. ಕಾಯುವುದೇ ಹೆಚ್ಚು.

ಲ್ಯಾಬಿನಲ್ಲಿ ಆ ನೀರಿನಲ್ಲಿ ಕರಗಿದ್ದನ್ನು ಎರಡು ಪಕ್ಷ ಮಾಡಿ ಅಳೆಯುತ್ತಾರೆ. ಹುಳಿಯ ಕಡೆಯವರು, ಎದುರು ಕಡೆಯವರು. ಬೀಗರ ಹಾಗೆ ಎರಡು ಕಡೆಯೂ ಸಮಸಮ ತೂಗಬೇಕು. ತೂಗದಿದ್ದರೆ ಹೊರಗಿನ ಕೊಳೆ ಸೇರಿ ಆ ಸೀಸೆ ಕೆಟ್ಟಿತೆಂದು ಚೆಲ್ಲುತ್ತಾರೆ, ಅದರ ಅಂಕಿಯನ್ನು ದೊಡ್ಡ ಪುಸ್ತಕಕ್ಕೆ ಹಾಕುವುದಿಲ್ಲ. ಮೊದಲಿನಿಂದಲೂ ಇದೇ ನಿಯಮ. ಈ ವರ್ಷ ಹತ್ತು ಸೀಸೆಗೆ ನಾಲ್ಕು ಸಮ ಬರಲಿಲ್ಲ. ಬೆಟ್ಟದ ಮೇಲೆ ಸೀಸೆ ಮುಟ್ಟುವವನು ನಾನೊಬ್ಬನೇ. ಹಾಗಾಗಿ ಕಾಗದ.

ಮರುದಿನ ಲ್ಯಾಬಿನ ಮೇಡಂ ಬೆಟ್ಟ ಹತ್ತಿ ಬಂದರು. ನನ್ನ ದೊಡ್ಡ ಮಗಳ ವಯಸ್ಸಿನವರು.

“ಅಜ್ಜ, ಬೇಜಾರು ಮಾಡ್ಕೋಬೇಡಿ. ಈ ವಾರ ಸೀಸೆ ನಾನೇ ಹಿಡೀತೀನಿ. ನೀವು ಏನೂ ಮುಟ್ಟಬೇಡಿ.”

“ನಾನೇನು ಮಾಡ್ಲಿ ಹಾಗಾದ್ರೆ?”

“ಸುಮ್ನೆ ಕೂತಿರಿ.”

“ಅದು ಬರುತ್ತೆ ನಂಗೆ” ಎಂದೆ.

ಅವರು ಒಂದರ ಮೇಲೊಂದು ಎರಡು ಜೊತೆ ಕೈಗವಸು ಹಾಕಿಕೊಂಡು, ಬಾಯಿಗೆ ಬಟ್ಟೆ ಕಟ್ಟಿಕೊಂಡು ಐದು ಸೀಸೆ ಹಿಡಿದರು. ಮೂರು ಸಮ ಬರಲಿಲ್ಲ. ಅಂದರೆ ಅವರ ಕೈ ನನ್ನ ಕೈಗಿಂತ ಕೊಳಕು. ಆಮೇಲೆ ನಾನು ತೊಳೆದ ದಾರದ ಮೇಲೆ ಶುದ್ಧ ನೀರು ಹರಿಸಿ, ಅದನ್ನೂ ಒಯ್ದು ನೋಡಿದರು. ಅದರಲ್ಲಿ ಏನೂ ಸಿಗಲಿಲ್ಲ.

“ಕೈಯದ್ದಲ್ಲ ಅಜ್ಜ ತಪ್ಪು. ಮೋಡದಲ್ಲೇ ನಾವು ಅಳೀದೇ ಇರೋದು ಏನೋ ಸೇರಿದೆ, ಕಾಡಿನ ಹೊಗೆಯದೋ, ಮರಗಿಡದ್ದೋ. ಹಿಂದೆ ಹುಳಿ ಅಷ್ಟಿದ್ದಾಗ ಇದು ಕಾಣ್ತಾನೇ ಇರ್ಲಿಲ್ಲ. ಫ್ಯಾಕ್ಟರಿ ಚಿಮಣಿಗಳಿಗೆ ಫಿಲ್ಟರ್ ಹಾಕಿದ್ಮೇಲೆ ಹುಳಿ ಹೋಯ್ತು, ಈಗ ಇದು ಎದ್ದು ಕಾಣ್ತಿದೆ.”

ಶುಕ್ರವಾರ ಇಬ್ಬರೂ ಕೆಳಗಿನ ಕಚೇರಿಯ ದೊಡ್ಡ ಸಾಹೇಬರ ಮುಂದೆ ನಿಂತೆವು. ಮೇಡಂ ಹೇಳಿದ್ದನ್ನೆಲ್ಲಾ ಕೇಳಿ ಸಾಹೇಬರು ದೊಡ್ಡ ಪುಸ್ತಕ ತಿರುಗಿಸಿ ತೋರಿಸಿದರು.

“ಮೋಡ ಬದಲಾಗೋಕೆ ವರ್ಷಗಟ್ಟಲೆ ಬೇಕಮ್ಮ. ಇಲ್ಲಿ ನೋಡಿ, ಹೋದ ವರ್ಷದವರೆಗೂ ಎಲ್ಲಾ ಸಮ. ಒಂದೇ ವರ್ಷದಲ್ಲಿ ಕೆಡೋನು ಮನುಷ್ಯ.”

ಪುಸ್ತಕದಲ್ಲಿ ಎಲ್ಲವೂ ಸಮವಿತ್ತು, ನಿಜ. ಸಮವಿಲ್ಲದ್ದನ್ನು ಅದಕ್ಕೆ ಹಾಕುತ್ತಲೇ ಇರಲಿಲ್ಲ.

“ಈ ವರ್ಷದ್ದಲ್ಲ ಸಾರ್, ನನ್ನ ಎರಡನೇ ಮಗಳಿಗೆ ಹೆರಿಗೆ ಆದ ವರ್ಷದಿಂದ ಹೀಗೇ” ಎಂದೆ.

“ನಿಮಗೆ ಹೇಗ್ರೀ ಗೊತ್ತು?”

ಬಾಯಿ ಮುಚ್ಚಿಕೊಂಡರೆ ಸ್ಟೋರ್ ರೂಮು ಖಂಡಿತ. ಬಾಯಿ ಬಿಟ್ಟರೆ ಕೆಲಸವೇ ಹೋಗಬಹುದು.

“ನೆಕ್ಕಿದ್ದೀನಿ ಸಾರ್.”

ಸೀಸೆ ತೆಗೆದ ಮೇಲೆ ದಾರದ ತುದಿಯಲ್ಲಿ ಒಂದು ಹನಿ ಉಳಿಯುತ್ತದೆ. ಅದನ್ನು ಬೆರಳಿಗೆ ತಗೊಂಡು ನಾಲಿಗೆಗೆ ಹಚ್ಚುತ್ತಿದ್ದೆ. ಆಮೇಲೆ ಕೈ ತೊಳೆದು ದಾರ ತೊಳೆಯುತ್ತಿದ್ದೆ. ಸೀಸೆಗೆ ಬಾಯಿ ಹಾಕಿದವನಲ್ಲ. ಅದನ್ನೂ ಹೇಳಿದೆ.

“ಎಷ್ಟು ಸಲ?”

“ಪ್ರತಿ ಸಲ.”

“ಯಾಕ್ರೀ?”

“ಮೋಡ ಅಲ್ವಾ ಸಾರ್, ಹೇಗಿರುತ್ತೆ ಅಂತ.”

“ಅದು ಮೊದಲನೇ ಸಲಕ್ಕಾಯ್ತು. ಆಮೇಲೆ?”

“ಆಮೇಲೆ ಹಾಗೇ ಇದೆಯಾ ಅಂತ.”

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೇಡಂ ಪೆನ್ಸಿಲ್ ತೆಗೆದರು. ನಾನು ಹೇಳುತ್ತಾ ಹೋದೆ. ಕೆಲಸಕ್ಕೆ ಸೇರಿದ ವರ್ಷ ಹಲ್ಲು ಜುಮ್ಮೆನ್ನುವ ಹುಳಿ. ದೊಡ್ಡವಳು ಶಾಲೆ ಮುಗಿಸುವ ಹೊತ್ತಿಗೆ ಅದರಲ್ಲಿ ಅರ್ಧ. ಎರಡನೆಯವಳ ಮದುವೆ ವರ್ಷ ನಲ್ಲಿ ನೀರಿನ ಹಾಗೆ ಸಪ್ಪೆ. ಅವಳ ಹೆರಿಗೆಯ ವರ್ಷದಿಂದ ನಾಲಿಗೆಯ ಹಿಂಬದಿಯಲ್ಲಿ ಒಂದು ಸಣ್ಣ ಕಹಿ. ಸೀಸೆ ಅಲ್ಲಾಡಿಸಿದರೆ ನೊರೆ ಒಂದು ಗಳಿಗೆ ನಿಲ್ಲುತ್ತದೆ.

ಮೇಡಂ ಎರಡು ದಿನ ಸ್ಟೋರ್ ರೂಮಿನಲ್ಲಿ ಕೂತು, ಚೆಲ್ಲಿದ ಸೀಸೆಗಳ ಅಂಕಿ ಬರೆದಿಟ್ಟ ಹಳೆಯ ಹಾಳೆಗಳ ಕಟ್ಟು ಹುಡುಕಿ ತೆಗೆದರು. ಹೆರಿಗೆಯ ವರ್ಷ ಮೂರು ಸೀಸೆ, ಮರುವರ್ಷ ಏಳು, ಅದರ ಮರುವರ್ಷ ಹನ್ನೆರಡು. ಹೀಗೇ ಏರುತ್ತಾ ಬಂದು ಈ ವರ್ಷ ನಲವತ್ತು. ಅದಕ್ಕೂ ಹಿಂದಕ್ಕೆ ಹೋದರೆ ವರ್ಷಕ್ಕೆ ಒಂದೂ ಇಲ್ಲ.

ಮನೆಯಲ್ಲಿ ವಿಷಯ ಹೇಳಿದೆ. “ಇಷ್ಟು ವರ್ಷ ನನ್ನ ಅಡುಗೆಗೆ ಉಪ್ಪಿದೆಯೋ ಇಲ್ವೋ ಅಂತ ಒಂದು ಮಾತಾಡಿದವರಲ್ಲ. ಮೋಡದ ರುಚಿ ಮಾತ್ರ ವರ್ಷವಾರು ಒಪ್ಪಿಸಿ ಬಂದ್ರಾ?” ಎಂದಳು ಹೆಂಡತಿ. ಆ ದಿನ ಮಜ್ಜಿಗೆ ಬಡಿಸಲಿಲ್ಲ.

ಮುಂದಿನ ವಾರ ಆರ್ಡರ್ ಬಂತು. ನಾನು ಬೆಟ್ಟದಲ್ಲೇ ಇರಬಹುದು. ಇನ್ನು ಯಾವ ಸೀಸೆಯ ಅಂಕಿಯನ್ನೂ ಪುಸ್ತಕದಿಂದ ಬಿಡುವಂತಿಲ್ಲ. ಸಂಗ್ರಹ ಸಿಬ್ಬಂದಿ ಮಾದರಿಯ ರುಚಿ ನೋಡುವಂತಿಲ್ಲ.

ಮರುದಿನ ಬೆಳಿಗ್ಗೆ ಮೇಡಂ ಬಂದಿದ್ದಾಗಲೇ ಮೋಡ ಬಂತು. ಸೀಸೆ ತೆಗೆದು ಮುಚ್ಚಳ ಹಾಕಿದೆ. ದಾರದ ತುದಿಯಲ್ಲಿ ಹನಿ ಉಳಿಯಿತು. ನಾನು ಕೈ ಹಿಂದಕ್ಕೆ ಕಟ್ಟಿ ನಿಂತೆ.

“ಆರ್ಡರ್ ಇರೋದು ಸಂಗ್ರಹ ಸಿಬ್ಬಂದಿಗೆ ಮೇಡಂ” ಎಂದೆ.

ಅವರು ಸುತ್ತ ನೋಡಿದರು. ಮೋಡ ಬಿಟ್ಟರೆ ಯಾರೂ ಇರಲಿಲ್ಲ. ಕೈಗವಸು ಕಳಚಿ, ಹನಿಯನ್ನು ಬೆರಳಿಗೆ ತಗೊಂಡು ನಾಲಿಗೆಗೆ ಹಚ್ಚಿಕೊಂಡರು.

“ಏನೂ ಗೊತ್ತಾಗ್ತಿಲ್ಲ ಅಜ್ಜ.”

“ಒಂದೇ ದಿನಕ್ಕೆ ಗೊತ್ತಾಗಲ್ಲ” ಎಂದು ಹೇಳಿ ನಾನು ದಾರ ತೊಳೆಯಲು ನೀರು ತಂದೆ.