ಕೊಳವೆ ತೊಳೆದವಳು

ಕಣ್ಣು ಹಳದಿಯಾಗಿ ಆರು ದಿನ ಕಳೆದರೂ ವಾಡಿಯ ಭೀಮಬಾಯಿ ಯಾರಿಗೂ ಹೇಳಲಿಲ್ಲ. ಕನ್ನಡಿಯ ಮುಂದೆ ನಿಂತು ಕೆಳರೆಪ್ಪೆ ಎಳೆದು ನೋಡಿಕೊಳ್ಳುವುದು, ಮಗಳು ಲುಂಬಿನಿ ಚಿತ್ತಾಪುರದ ಶಾಲೆಯಲ್ಲಿ ಪಾಠ ಮಾಡಿ ಬರುವಷ್ಟರಲ್ಲಿ ಸೆರಗು ಮುಂದಕ್ಕೆಳೆದು ಒಲೆಯ ಕಡೆ ಮುಖಮಾಡಿ ಕೂಡುವುದು, ಹೀಗೇ ನಡೆದಿತ್ತು. ನಾಲವಾರದ ಮುದುಕಿಯೊಬ್ಬಳು ಅರೆದುಕೊಟ್ಟ ಸೊಪ್ಪಿನ ರಸವನ್ನೂ ಮೂರು ಮುಂಜಾನೆ ಕುಡಿದಳು. ಏಳನೆಯ ದಿನ ಬಲಪಕ್ಕೆಯ ಕೆಳಗೆ ಕುಡುಗೋಲು ಆಡಿಸಿದಂತೆ ನೋವು ಬಂತು. ಚಳಿಜ್ವರ ಏರಿ ಹಲ್ಲು ಕಟಕಟಿಸತೊಡಗಿದ ಮೇಲೆ ಮುಚ್ಚಿಡಲು ಏನೂ ಉಳಿಯಲಿಲ್ಲ.

ಕಲಬುರಗಿಯ ಆಸ್ಪತ್ರೆಯಲ್ಲಿ ಡಾಕ್ಟರ್ ಶಾಂತಕುಮಾರ ಸ್ಕ್ಯಾನ್ ನೋಡಿ, ಹರಳೊಂದು ಜಾರಿ ಪಿತ್ತನಾಳದ ಬಾಯಲ್ಲಿ ಸಿಕ್ಕಿಕೊಂಡಿದೆ, ಅದರ ಹಿಂದೆ ಕೀವು ಕಟ್ಟುತ್ತಿದೆ ಎಂದರು. ಬಾಯಿಂದ ಕೊಳವೆ ಇಳಿಸಿ ಇವತ್ತೇ ತೆಗೆಯಬೇಕಿತ್ತು. ಲುಂಬಿನಿ ಒಪ್ಪಿಗೆಯ ಕಾಗದಕ್ಕೆ ಪೆನ್ನು ಹಚ್ಚುವಷ್ಟರಲ್ಲಿ ಭೀಮಬಾಯಿ ಅವಳ ಮುಂಗೈ ಹಿಡಿದಳು.

"ಬ್ಯಾಡ. ಆ ಕೊಳವಿ ನನ್ನ ಬಾಯಾಗ ಬ್ಯಾಡ."

ಲುಂಬಿನಿಗೆ ತಿಳಿಯಲಿಲ್ಲ. ಅವ್ವ ಹನ್ನೊಂದು ವರ್ಷ ಮುಂಜಾನೆಯ ರೈಲು ಹಿಡಿದು ಇದೇ ಊರಿನ ಬೇರೊಂದು ಆಸ್ಪತ್ರೆಗೆ ಬಂದು ಇಂಥವೇ ಕೊಳವೆ ತೊಳೆದವಳು. ಎರಡು ವರ್ಷದ ಹಿಂದೆ ಮೊಣಕಾಲು ನೋವೆಂದು ಕೆಲಸ ಬಿಟ್ಟಿದ್ದಳು. ನಿಜವಾದ ಕಾರಣವನ್ನು ಭೀಮಬಾಯಿ ಈಗ ಜ್ವರದಲ್ಲಿ, ತಡೆತಡೆದು ಹೇಳಿದಳು.

ಶಹಾಬಾದಿನ ಖುರ್ಷಿದಬೇಗಂ ಎಂಬಾಕೆಗೂ ಹೀಗೇ ಹರಳು ಸಿಕ್ಕಿಕೊಂಡಿತ್ತಂತೆ. ಆ ಆಸ್ಪತ್ರೆಯಲ್ಲಿ ಕೊಳವೆ ಇಳಿಸಿದಾಗ ಹರಳು ಸಲೀಸಾಗಿ ಬಂತು, ಆಕೆ ಎದ್ದು ಕೂತು ಚಹಾ ಕುಡಿದಳು. ಮೂರನೆಯ ದಿನ ನಡುಕ ಹಿಡಿಯಿತು. ಯಾವ ಔಷಧಿಗೂ ಬಗ್ಗದ ಸೋಂಕು. ಹನ್ನೆರಡನೆಯ ದಿನ ತೀರಿಹೋದಳು. ಕೊಳವೆಯ ತುದಿಯಲ್ಲಿ ಹರಳು ಎಳೆಯುವ ತಂತಿಯನ್ನು ಎತ್ತಿಕೊಡುವ ಸಣ್ಣ ಸನ್ನೆಕೋಲೊಂದಿರುತ್ತದೆ. ಅದರ ಬೆನ್ನಿಗೆ ಬ್ರಷ್ಷು ಸರಿಯಾಗಿ ಹೋಗದ ಸಂದು. ಪರೀಕ್ಷೆ ಮಾಡಿದಾಗ ಅದೇ ಸೋಂಕು ಆ ಸಂದಿಯಲ್ಲಿ ಸಿಕ್ಕಿತು. ಗೋಡೆಯ ಮೇಲೆ ಬರೆದಿದ್ದ ಒಂದು ಹಂತವನ್ನೂ ಭೀಮಬಾಯಿ ಬಿಟ್ಟಿರಲಿಲ್ಲ. ಯಾರೂ ಅವಳನ್ನು ಬೈಯಲಿಲ್ಲ, ಶಹಾಬಾದಿನ ಆಕೆಯ ಮನೆಯವರಿಗೂ ಏನೂ ಹೇಳಲಿಲ್ಲ.

"ನಾನೇ ತೊಳದಿದ್ದೆ, ಲುಂಬಿ. ಲಕಲಕ ಹೊಳೀಲಿಕತ್ತಿತ್ತು. ಅದರಾಗ ಸಾವು ಕುಂತದ ಅಂತ ನನಗ ಕಾಣಲಿಲ್ಲ."

ಲುಂಬಿನಿ ಹೋಗಿ ಎಲ್ಲವನ್ನೂ ಡಾಕ್ಟರಿಗೆ ಹೇಳಿದಳು. ಅವರು ನಗಲಿಲ್ಲ. ಇಂಥದ್ದು ಅಪರೂಪ, ಆದರೆ ನಿಮ್ಮ ತಾಯಿಯದು ಸುಳ್ಳು ಭಯವಲ್ಲ ಎಂದರು. ಒಂದೇ ಸಲ ಬಳಸಿ ಎಸೆಯುವ ಕೊಳವೆಗಳು ಈಗ ಬಂದಿವೆ, ಇಲ್ಲಿಲ್ಲ, ಹೈದರಾಬಾದಿನಿಂದ ತರಿಸಬಹುದು ಎಂದು ಫೋನು ಮಾಡಿದರು. ಕಂಪನಿಯ ದೇವಾನಂದ ಎಂಬಾತ ಡಬ್ಬಿ ಹಿಡಿದು ಮುಂದಿನ ರೈಲಿಗೆ ಹೊರಡುವುದೆಂದಾಯಿತು.

"ಆದ್ರ ಕೀವು ರೈಲಿನ ದಾರಿ ಕಾಯಂಗಿಲ್ರಿ," ಎಂದರು ಡಾಕ್ಟರು. "ಔಷಧ ಹಾಕೀನಿ. ಬಿ.ಪಿ. ತೊಂಬತ್ತರ ಕೆಳಗ ಇಳೀತಂದ್ರ ನಾ ತಡಿಯಂಗಿಲ್ಲ, ಇಲ್ಲಿ ತೊಳದಿಟ್ಟಿದ್ದ ಕೊಳವೀನೇ ಇಳಸ್ತೀನಿ. ಒಪ್ಪಿದ್ರ ಸಹಿ ಮಾಡ್ರಿ."

ಲುಂಬಿನಿ ಸಹಿ ಮಾಡಿದಳು.

ಅರ್ಧ ತಾಸಿಗೊಮ್ಮೆ ತೋಳಿನ ಪಟ್ಟಿ ತಾನಾಗಿ ಉಬ್ಬಿ ಬಿಗಿಯುತ್ತಿತ್ತು. ನೂರಾ ನಾಲ್ಕು. ನೂರು. ರೈಲು ತಾಂಡೂರು ಬಿಟ್ಟಿದೆ ಎಂದು ಫೋನು ಬಂತು. ತೊಂಬತ್ತೇಳು. ಸೇಡಂನಲ್ಲಿ ಸಿಮೆಂಟಿನ ಗೂಡ್ಸಿಗೆ ದಾರಿ ಬಿಡಲು ರೈಲನ್ನು ನಿಲ್ಲಿಸಿದ್ದರು. ಇಪ್ಪತ್ತು ನಿಮಿಷ, ನಲವತ್ತು ನಿಮಿಷ. ಲುಂಬಿನಿ ವಾರ್ಡಿನ ಬಾಗಿಲಿಗೂ ಮಂಚಕ್ಕೂ ಅಡ್ಡಾಡುತ್ತಿದ್ದಳು. ಭೀಮಬಾಯಿ ಮಗಳ ಮುಖವನ್ನೇ ನೋಡುತ್ತ ಮಲಗಿದ್ದಳು. ನಾನು ಹಟ ಹಿಡಿದು ಸತ್ತರೆ ಇವಳು ಏನನ್ನು ಹೊತ್ತು ಬದುಕುತ್ತಾಳೆ? ಖುರ್ಷಿದಬೇಗಂ ಹೋದಂದಿನಿಂದ ತಾನು ಹೊತ್ತದ್ದು ಏನೆಂದು ಅವಳಿಗೆ ಗೊತ್ತಿತ್ತು. ಈ ಯೋಚನೆ ಬಂದದ್ದೇ ಕೊಳವೆಗಿಂತ ದೊಡ್ಡದೊಂದು ಭಯ ಎದೆಯ ಮೇಲೆ ಕೂತಿತು.

ಪಟ್ಟಿ ಮತ್ತೆ ಬಿಗಿಯಿತು. ತೊಂಬತ್ತೆರಡು.

"ಸಾಕು," ಎಂದಳು ಭೀಮಬಾಯಿ. "ತೊಳದಿಟ್ಟಿದ್ದೇ ಹಾಕ್ರಿ ಅಂತ ಹೇಳು. ಸಹಿ ನಿಂದದ. ಆ ಭಾರ ನಿನಗ ಬ್ಯಾಡ."

ಗಾಲಿ ಮಂಚದಲ್ಲಿ ಒಳಗೆ ಒಯ್ದರು. ಗಾಜಿನ ಕಪಾಟಿನಲ್ಲಿ ಕರಿ ಕೊಳವೆ ಹಾವಿನ ಹಾಗೆ ಜೋತುಬಿದ್ದಿತ್ತು. ನರ್ಸು ಅದನ್ನು ಕೆಳಗಿಳಿಸಿದಾಗ ಭೀಮಬಾಯಿಯ ಕಣ್ಣು ತುದಿಯ ಸನ್ನೆಕೋಲನ್ನೇ ಹುಡುಕಿತು. ಹೇಳಿಕೊಳ್ಳುತ್ತಿದ್ದ ಬುದ್ಧವಂದನೆ ಅರ್ಧಕ್ಕೇ ಮರೆತುಹೋಯಿತು. ಬೋರಲಾಗಿ ಮಲಗಿಸುತ್ತಿದ್ದಾಗ ಹೊರಗೆ ಓಡುವ ಸಪ್ಪಳ ಕೇಳಿತು. ದೇವಾನಂದ ಚಿತ್ತಾಪುರದಲ್ಲೇ ರೈಲಿಳಿದು ಜೀಪು ಮಾಡಿಕೊಂಡು ಬಂದಿದ್ದ. ಡಾಕ್ಟರು ಡಬ್ಬಿಯನ್ನು ಅವಳ ಕಣ್ಣೆದುರಿಗೆ ಹಿಡಿದು, ಮೊಹರು ಹರಿದು, ಯಾರ ಹೊಟ್ಟೆಯನ್ನೂ ಹೊಕ್ಕಿರದ ಕೊಳವೆಯನ್ನು ತೋರಿಸಿದರು.

ಹರಳು ಬಂತು, ಕೀವೂ ಹರಿದುಹೋಯಿತು.

ಆದರೆ ಮರುದಿನ ಹೊಟ್ಟೆಯ ಮೇಲುಭಾಗದಲ್ಲಿ ನೋವು ಎದ್ದು ಬೆನ್ನಿಗೆ ಇರಿಯತೊಡಗಿತು. ಆ ಸೋಂಕೇ ಬಂತು ಅಂದುಕೊಂಡಳು ಭೀಮಬಾಯಿ. ಮೇದೋಜೀರಕ ಬಾತಿದೆ, ತಂತಿ ಆಡಿಸುವಾಗ ಕೆಲವರಿಗೆ ಹೀಗಾಗುತ್ತದೆ, ಹೊಸ ಕೊಳವೆಯಾದರೂ ಇದನ್ನು ತಪ್ಪಿಸಲಾರದು, ಇದು ಸೋಂಕಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಅವಳು ತಲೆಯಾಡಿಸಿದಳೇ ಹೊರತು ನಂಬಲಿಲ್ಲ. ಎರಡು ದಿನ ಬಾಯಿಗೆ ಹನಿ ನೀರಿಲ್ಲ, ಬರೀ ಸಲಾಯಿನ್ನು. ಮೂರನೆಯ ದಿನವಿಡೀ ನಡುಕದ ದಾರಿ ಕಾಯುತ್ತ ಮಲಗಿದಳು. ಫ್ಯಾನಿನ ಗಾಳಿಗೆ ರೋಮ ಎದ್ದರೂ ಮಗಳನ್ನು ಕರೆಯುತ್ತಿದ್ದಳು.

ನಡುಕ ಬರಲಿಲ್ಲ. ನಾಲ್ಕನೆಯ ದಿನ ನೋವು ಇಳಿಯಿತು, ಕೊಟ್ಟ ಗಂಜಿ ಹೊಟ್ಟೆಯಲ್ಲಿ ನಿಂತಿತು. ನಾಡಿದ್ದು ಮನೆಗೆ ಹೋಗಬಹುದೆಂದು ಡಾಕ್ಟರು ಹೇಳಿಹೋದ ಮೇಲೆ ಅವಳು ಮಗಳ ಕೈಯನ್ನು ಎಳೆದು ಹಣೆಯ ಮೇಲೆ ಇಟ್ಟುಕೊಂಡಳು.

"ತಣ್ಣಗದ, ಅವ್ವಾ."

"ಇನ್ನೊಮ್ಮಿ ನೋಡು," ಎಂದಳು ಭೀಮಬಾಯಿ.