ತೋಳಿನ ಲೇಬಲ್ಲು ಕೀಳದ ಕೈಸರ್

ಕೈಸರ್ ಸಾಹೇಬರ ಕೋಟಿನ ಎಡತೋಳಿನ ಅಂಚಿನಲ್ಲಿ ಕಂಪನಿಯ ಲೇಬಲ್ಲು ಇನ್ನೂ ಇತ್ತು. ಕೊಂಡವರು ಕಿತ್ತೆಸೆಯಲೆಂದೇ ಹಚ್ಚಿರುವ ಆ ಚಿಂದಿಯನ್ನು ಬಿರುದಿನಂತೆ ಧರಿಸಿ, ಚಿತ್ರದುರ್ಗದ ಬೀದಿಗಳಲ್ಲಿ ಅವರು ಎಡಗೈಯನ್ನು ಕೊಂಚ ಮುಂದೆ ಚಾಚಿಯೇ ನಡೆಯುತ್ತಿದ್ದರು. ಸ್ಕೂಟರಿನ ಸೀಟಿಗೆ ಅಂಗಡಿಯ ಪ್ಲಾಸ್ಟಿಕ್ಕು, ಫೋನಿಗೆ ಹುಟ್ಟಿದಾಗಿನ ರಿಂಗು. ಕೇಳಿದರೆ ಒಂದೇ ಮಾತು: "ಮಾಡಿದೋರು ಯೋಚ್ನೆ ಮಾಡ್ದೆ ಮಾಡಿರ್ತಾರೇನ್ರಿ?"

ಈ ಶ್ರದ್ಧೆಯಿಂದಲೇ ಊರಿನ ಕಲ್ಯಾಣಮಂಟಪಗಳ ಬುಕಿಂಗಿಗೆ ಅವರು ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ತಂತ್ರಾಂಶ ಬರೆದುಕೊಟ್ಟಿದ್ದರು. ತಂಗಿ ಹುಮೇರಾಳ ನಿಕಾಹ್‌ಗೆ ಹಿಡಿದಿದ್ದ ಚಿಕ್ಕ ಮಂಟಪ ಸಾಲದೆನಿಸಿದಾಗ, ಗಂಡಿನ ಕಡೆಯವರ ಎದುರೇ ಗುಂಡಿಯೊತ್ತಿ ದೊಡ್ಡದಕ್ಕೆ ಬದಲಾಯಿಸಿ, ಉತ್ತರ ಬರುವ ಮೊದಲೇ ಲ್ಯಾಪ್‌ಟಾಪು ಮುಚ್ಚಿ, "ಆತು" ಎಂದಿದ್ದರು.

ಮದುವೆಗೆ ವಾರವಿರುವಾಗ ತಾಯಿ ಮಲೀಕಾರೊಂದಿಗೆ ನೋಡಹೋದರೆ, ಎರಡೂ ಮಂಟಪಗಳ ವ್ಯವಸ್ಥಾಪಕ ಗೋವರ್ಧನ ಕಣ್ಣರಳಿಸಿದ: "ದೊಡ್ಡದು ಖಾಲಿ ಇಲ್ಲ ಅಂತ ಬಂದೈತಲ್ರಿ. ಚಿಕ್ಕದನ್ನ ನೀವೇ ಬಿಟ್ಟೀರಿ. ಜವನಗೊಂಡನಹಳ್ಳಿ ಪಾಲಣ್ಣೋರು ಹಿಡಿದವ್ರೆ."

ಕೈಸರರ ಚಾಚಿದ ಕೈ ಮೆಲ್ಲನೆ ಇಳಿಯಿತು.

ಚಿಕ್ಕದನ್ನು ಬಿಡುವುದೂ ದೊಡ್ಡದನ್ನು ಹಿಡಿಯುವುದೂ ಒಂದೇ ವಹಿವಾಟು, ಎರಡನೆಯದು ಕೆಟ್ಟರೆ ಮೊದಲನೆಯದೂ ತಾನಾಗಿ ರದ್ದಾಗುತ್ತದೆಂದು ಅವರು ನಂಬಿದ್ದರು. ಜಾವಾದ ರೂಢಿ ಬೇರೆ. 'ಖಾಲಿ ಇಲ್ಲ' ಎಂಬಂಥ, ಬರೆದವನೇ ಮುಂಚೆ ಹೆಸರಿಟ್ಟ ತೊಡಕು ಬಂದರೆ ಅದು ತಾನಾಗಿ ಏನನ್ನೂ ಹಿಂದೆಗೆಯದು. ಹಿಂದೆಗೆ ಎಂದು ಬರೆದವನೇ ಹೇಳಬೇಕು. ಇದ್ದದ್ದನ್ನು ಇದ್ದಂತೆಯೇ ಬಿಡುವ ಕೈಸರ್ ಹೇಳಿರಲಿಲ್ಲ.

"ಲೇ ಕೈಸರ್, ಇದ್ದಿದ್ದೂ ಬಿಟ್ಟು ಕುಂತ್ಯೇನೋ! ನಿಕಾಹ್ ಬಸ್‌ಸ್ಟ್ಯಾಂಡ್ನಾಗ್ ಮಾಡಾಣೇನು?" ಎಂದರು ಮಲೀಕಾ.

ಅಲ್ಲೇ ನಿಂತು ಲ್ಯಾಪ್‌ಟಾಪು ತೆರೆದು ಕೈಸರ್ 'ಹಿಂದೆಗೆ' ಎಂಬ ಆ ಒಂದು ಸಾಲನ್ನು ಸೇರಿಸಿದರು. ಅದು ಮುಂದಿನವರಿಗಾಯಿತು. ಹುಮೇರಾಳಿಗಾಗಿ ಪಾಲಣ್ಣನಿಗೇ ಫೋನು ಮಾಡಬೇಕಾಯಿತು.

"ನಮ್ದು ಬೆಳಗಿನ ಮುಹೂರ್ತ, ಸಂಜೆ ನೀವ್ ಬರ್ರಿ," ಎಂದ ಪಾಲಣ್ಣ. "ನಮ್ ತೋರಣ ಬಿಚ್ಚಬೇಕೇನ್ರಿ?"

"ಬ್ಯಾಡ್ರಿ, ಇದ್ದಂಗೇ ಇರ್ಲಿ" ಎಂದರು ಕೈಸರ್. ಅಭ್ಯಾಸಬಲ.

ಆ ಮಾವಿನ ತೋರಣದಡಿಯೇ ನಿಕಾಹ್ ನಡೆಯಿತು. ಅರ್ಧ ಜನ ಬೀದಿಯಲ್ಲಿ ನಿಂತಿದ್ದರು. "ಭಾಯ್, ಇವತ್ತಾದ್ರೂ ಆ ಲೇಬಲ್ ಕೀಳೋ" ಎಂದು ಹುಮೇರಾ ಪಿಸುಗುಟ್ಟಿದಳು. ಕಿತ್ತರು. ಅದರಡಿಯ ಬಣ್ಣ ಮಾಸದ ಚೌಕ ಇನ್ನೊಂದು ಲೇಬಲ್ಲಿನಂತೆ ಹೊಳೆಯಿತು.

ಇಂಥವರ ನಂಬಿಕೆ ಪೂರಾ ಸುಳ್ಳೆನ್ನಲಾಗದು. ಮಾಡಿದವರು ಯೋಚಿಸಿಯೇ ಮಾಡಿರುತ್ತಾರೆ. ಆದರೆ ಅವರು ಯೋಚಿಸುವಾಗ ಎದುರಿಗೆ ಹುಮೇರಾಳ ಮದುವೆ ಇರಲಿಲ್ಲ. ಅದು ಇದ್ದದ್ದು ಕೈಸರರ ಎದುರಿಗೆ.